ಚೀನಿ ಭಾಷೆಯ ‘ಫಾನ್’: ಹಾಯಿಯ ಪದ, ಹಾಯಿಯ ಚಿತ್ರ, ಹಾಯಿದೋಣಿಯ ಆರಂಭ

ಕರಡುಕಾರ

ಹಾಯಿದೋಣಿಯ ಆರಂಭದ ಬಗ್ಗೆ ಸಿದ್ಧವಾಗುತ್ತಿರುವ ಕನ್ನಡ ಲೇಖನದ ಕರಡಿನಿಂದ ನಾಲ್ಕು ವಾಕ್ಯ ಹಾಕುತ್ತಿದ್ದೇನೆ. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ, ಏಕೆ ಎಂದು ತಿಳಿದವರು ಹೇಳಬೇಕು.

1. ಚೀನಿ ಭಾಷೆಯಲ್ಲಿ ಹಾಯಿಗೆ ‘ಫಾನ್’ ಎನ್ನುತ್ತಾರೆ. ಅಕ್ಷರದ ಎಡಕ್ಕೆ ಬಟ್ಟೆ, ಬಲಕ್ಕೆ ಗಾಳಿ ತುಂಬಿದ ಹಾಯಿಯ ಚಿತ್ರ.
2. ಬಲಭಾಗದ ಚಿತ್ರ ಶಾಂಗ್ ರಾಜವಂಶದ ಕಾಲದ ಎಲುಬು ಬರಹಗಳಲ್ಲೇ (ಎಲುಬಿನ ಮೇಲೆ ಕೊರೆದ ಹಳೆಯ ಚೀನಿ ಬರಹ) ಸಿಗುವುದರಿಂದ ಕ್ರಿ.ಪೂ. 1200ರ ಹೊತ್ತಿಗೆ ಚೀನಾದಲ್ಲಿ ಹಾಯಿದೋಣಿ ಇತ್ತು.
3. ಜಗತ್ತಿನ ಅತಿ ಹಳೆಯ ಹಾಯಿ ಈಜಿಪ್ಟಿನದು.
4. ಚೀನಿಯರ ಹಾಯಿ ಬಟ್ಟೆಯದು, ಬೆನ್ನಗಾಳಿಗೆ ಮಾತ್ರ ಕೆಲಸ ಮಾಡುವಂಥದು.

ಅಕ್ಷರಮೂಲ

ಮೊದಲ ವಾಕ್ಯದಲ್ಲಿ ಅರ್ಧ ಸರಿ. ಫಾನ್ ಅಕ್ಷರಕ್ಕೆ ಒಟ್ಟು 6 ಗೆರೆ. ಎಡಗಡೆಯ 3 ಗೆರೆ ‘ಜಿನ್’, ಅಂದರೆ ಬಟ್ಟೆಯ ತುಂಡು. ಟೋಪಿ, ಪರದೆ, ಬಾವುಟ ಇವುಗಳ ಅಕ್ಷರಗಳಲ್ಲೂ ಅದೇ ಇರುತ್ತದೆ. ಬಲಗಡೆಯ 3 ಗೆರೆಯ ಭಾಗಕ್ಕೂ ‘ಫಾನ್’ ಎಂದೇ ಉಚ್ಚಾರ. ಇಂದಿನ ಭಾಷೆಯಲ್ಲಿ ಅದರ ಅರ್ಥ ‘ಎಲ್ಲ’, ‘ಸಾಮಾನ್ಯ’. ಇಲ್ಲಿ ಅದು ಕೂತಿರುವುದು ಅರ್ಥ ಹೇಳಲು ಅಲ್ಲ, ಉಚ್ಚಾರ ತೋರಿಸಲು. ಚೀನಿ ಅಕ್ಷರಗಳಲ್ಲಿ ಬಹುಪಾಲು ಹೀಗೇ ಕಟ್ಟಿದವು: ಒಂದು ಕಡೆ ಅರ್ಥದ ಗುರುತು, ಇನ್ನೊಂದು ಕಡೆ ಸದ್ದಿನ ಗುರುತು. ಹಾಗಾಗಿ ‘ಬಟ್ಟೆಗೆ ಸಂಬಂಧಿಸಿದ್ದು, ಫಾನ್ ಎಂದು ಓದುವುದು’ ಎಂಬುದೇ ಈ ಅಕ್ಷರ ಹೇಳುವ ಮಾತು.

ಲೇಖನದಲ್ಲಿ ಬರೆಯುವ ಕ್ರಮ ತೋರಿಸುವುದಾದರೆ ಮೊದಲು ಎಡಭಾಗ: ಎಡದ ಚಿಕ್ಕ ನಿಲುಗೆರೆ, ಮೇಲಿನಿಂದ ಬಲಕ್ಕೆ ಬಂದು ಕೆಳಗೆ ಮಡಿದು ಕೊಕ್ಕೆಯಾಗುವ ಗೆರೆ, ನಡುವಿನ ಉದ್ದ ಗೆರೆ. ಆಮೇಲೆ ಬಲಭಾಗ: ಎಡಕ್ಕೆ ಇಳಿಯುವ ಗೆರೆ, ಬಲಕ್ಕೆ ಬಾಗಿ ಕೊಕ್ಕೆಯಾಗುವ ಗೆರೆ, ಕೊನೆಗೆ ಒಳಗಿನ ಚುಕ್ಕೆ. ಹೊಸಬರ ಕೈ ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಚುಕ್ಕೆ ಬಿಟ್ಟುಹೋದರೆ ಬಲಭಾಗ ‘ಚಿಕ್ಕ ಮೇಜು’ ಎಂಬ ಬೇರೆಯೇ ಅಕ್ಷರವಾಗುತ್ತದೆ. ಮೊದಲ ಗೆರೆ ಎರಡನೆಯದನ್ನು ಕತ್ತರಿಸಿ ಮೇಲೆ ಹೋದರೆ ‘ಗುಳಿಗೆ’ ಆಗುತ್ತದೆ.

ತಡಿಗಾಳಿ

ಹಾಗಿದ್ದರೆ ‘ಗಾಳಿ’ ಎಂಬ ಅಕ್ಷರದಲ್ಲೂ ಅದೇ ಭಾಗ ಇದೆಯಲ್ಲ? ಹಾಯಿಯಲ್ಲೂ ಗಾಳಿಯಲ್ಲೂ ಒಂದೇ ಚಿತ್ರ ಇದ್ದರೆ ಅದನ್ನು ಬರೀ ಸದ್ದು ಎಂದು ತಳ್ಳಿಹಾಕುವುದು ಕಷ್ಟ. ಇಂದಿನ ಉಚ್ಚಾರದಲ್ಲಿ ಗಾಳಿ ‘ಫೆಂಗ್’, ಹಾಯಿ ‘ಫಾನ್’. ಸದ್ದು ಹೊಂದುವುದೇ ಇಲ್ಲ.

ಅಕ್ಷರಮೂಲ

ಒಳ್ಳೆಯ ಪ್ರಶ್ನೆ. ಇಂದಿನ ಉಚ್ಚಾರ ಹಿಡಿದು ನೋಡಿದರೆ ಹೊಂದುವುದಿಲ್ಲ, ಹಳೆಯದನ್ನು ಹಿಡಿದರೆ ಚೆನ್ನಾಗಿ ಹೊಂದುತ್ತದೆ. ಹಾಯಿ, ಗಾಳಿ, ‘ಎಲ್ಲ’ ಈ ಮೂರೂ ಪದಗಳು ಒಂದು ಕಾಲದಲ್ಲಿ ‘ಮ್’ ಸದ್ದಿನಲ್ಲಿ ಮುಗಿಯುತ್ತಿದ್ದವು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಮೊದಲು ಹಾಯಿ ಅಕ್ಷರದ ಕೊರಿಯಾ ಓದು ನೋಡಿ: ‘ಬೊಮ್’. ವಿಯೆಟ್ನಾಮಿನ ಓದು ‘ಫಾಮ್’. ‘ಎಲ್ಲ’ ಎಂಬ ಬಲಭಾಗದ ಅಕ್ಷರಕ್ಕೂ ಎರಡೂ ಕಡೆ ಅದೇ ಓದು. ಈ ನಾಡುಗಳು ಚೀನಿ ಅಕ್ಷರಗಳನ್ನು ಪಡೆದಾಗ ಕೊನೆಯ ‘ಮ್’ ಇನ್ನೂ ಉಳಿದಿತ್ತು. ಬೀಜಿಂಗ್ ಮಾತಿನಲ್ಲಿ ಅದು ಆಮೇಲೆ ‘ನ್’ ಆಯಿತು. ಗಾಳಿಯ ಪದಕ್ಕೆ ಸಾಕ್ಷಿ ಇನ್ನೂ ಹಿಂದಿನದು. ಅತ್ಯಂತ ಹಳೆಯ ಚೀನಿ ಪದ್ಯಸಂಗ್ರಹವಾದ ಷಿಜಿಂಗ್‌ನ ‘ಹಸಿರು ಉಡುಪು’ ಹಾಡಿನ ಕೊನೆಯಲ್ಲಿ ‘ಗಾಳಿ’ ಮತ್ತು ‘ಹೃದಯ’ ಪ್ರಾಸ ಕೂಡುತ್ತವೆ. ಹೃದಯದ ಪದ ಕೊರಿಯಾದಲ್ಲಿ ಇಂದಿಗೂ ‘ಸಿಮ್’. ಎಂದರೆ ಗಾಳಿಯ ಪದವೂ ಆಗ ‘ಮ್’ನಲ್ಲೇ ಮುಗಿಯುತ್ತಿತ್ತು. ತುಟಿಯಲ್ಲೇ ಶುರುವಾಗಿ ತುಟಿಯಲ್ಲೇ ಮುಗಿಯುವ ಉಚ್ಚಾರವನ್ನು ನಾಲಿಗೆ ಬಹಳ ಕಾಲ ಸಹಿಸುವುದಿಲ್ಲ. ಗಾಳಿಯ ಪದದಲ್ಲಿ ಕೊನೆಯ ‘ಮ್’ ಗಂಟಲಿಗೆ ಸರಿದು ‘ಂಗ್’ ಆಯಿತು.

ಗಾಳಿಯ ಅಕ್ಷರದ ಹುಟ್ಟು ಬೇರೆ ದಾರಿಯದು. ಎಲುಬು ಬರಹದಲ್ಲಿ ಗಾಳಿಗೆ ಬಳಸಿದ್ದು ಜುಟ್ಟಿರುವ ಹಕ್ಕಿಯ ಚಿತ್ರ, ಫೆಂಗ್ ಎಂಬ ಪುರಾಣದ ಹಕ್ಕಿ. ಹಕ್ಕಿಯ ಹೆಸರೂ ಗಾಳಿಯ ಹೆಸರೂ ಒಂದೇ ಥರ ಕೇಳುತ್ತಿದ್ದುದರಿಂದ ಎರವಲು ಪಡೆದರು. ಓದುವವರಿಗೆ ಗೊಂದಲವಾಗದಿರಲಿ ಎಂದು ಪಕ್ಕದಲ್ಲಿ ಉಚ್ಚಾರದ ಗುರುತಾಗಿ ‘ಫಾನ್’ ಸೇರಿಸಿದರು. ಮುಂದೆ ಹಕ್ಕಿ ಹೋಗಿ ಆ ಜಾಗಕ್ಕೆ ಹುಳು ಬಂತು. ಇಂದಿನ ಸರಳ ಲಿಪಿಯಲ್ಲಿ ಒಳಗೆ ಬರೀ ಕತ್ತರಿ ಗುರುತು ಇರುವುದರಿಂದ ಇದೆಲ್ಲ ಕಾಣದು. ತೈವಾನಿನಲ್ಲಿ ಬಳಸುವ ಹಳೆಯ ರೂಪದಲ್ಲೇ ನೋಡಬೇಕು.

ಸಾಗರಿಕಾ

ಎರಡನೆಯ ವಾಕ್ಯವನ್ನು ತೆಗೆದುಬಿಡುವುದೇ ಒಳ್ಳೆಯದು. ಬಲಭಾಗದ ‘ಫಾನ್’ ಮೂಲದಲ್ಲಿ ಏನನ್ನು ಬಿಡಿಸಿದ್ದು ಎಂಬುದೇ ಇನ್ನೂ ವಾದದಲ್ಲಿದೆ. ಹಾಯಿ ಎನ್ನುವವರು ಇದ್ದಾರೆ. ಎಲುಬು ಬರಹದ ವಿದ್ವಾಂಸ ಗುವೊ ಮೊರುವೊ ಅದನ್ನು ತಟ್ಟೆಯ ಚಿತ್ರ ಎಂದರು. ‘ತಟ್ಟೆ’ ಎಂಬ ಅಕ್ಷರದ ಹಳೆಯ ರೂಪದಲ್ಲಿ ಇದೇ ಭಾಗ ಇರುವುದು ಅವರ ವಾದಕ್ಕೆ ಬಲ ಕೊಡುತ್ತದೆ. ಎಲುಬು ಬರಹದಲ್ಲಿ ಅದು ಎರಡು ನಿಲುಗೆರೆ, ನಡುವೆ ಎರಡು ಅಡ್ಡಗೆರೆ, ಅಷ್ಟೇ. ದೋಣಿಯ ಅಕ್ಷರಕ್ಕೂ ಅದಕ್ಕೂ ಹೋಲಿಕೆ ಎಷ್ಟಿತ್ತೆಂದರೆ ಮುಂದಿನ ಬರಹಗಾರರು ಕೆಲವು ಅಕ್ಷರಗಳಲ್ಲಿ ತಟ್ಟೆಯ ಜಾಗಕ್ಕೆ ದೋಣಿ ಬರೆದುಬಿಟ್ಟರು. ಇಷ್ಟು ಸಡಿಲವಾದ ನಾಲ್ಕು ಗೆರೆಗಳ ಮೇಲೆ ಒಂದು ನಾಡಿನ ನೌಕಾಚರಿತ್ರೆಯನ್ನು ನಿಲ್ಲಿಸಲಾಗದು.

ಚಿತ್ರಗಳ ಕಡೆ ಬನ್ನಿ. ಕಾದಾಡುವ ರಾಜ್ಯಗಳ ಕಾಲದ, ಎಂದರೆ ಕ್ರಿ.ಪೂ. 5ರಿಂದ 3ನೇ ಶತಮಾನದ ಕಂಚಿನ ಹೂಜಿಗಳ ಮೇಲೆ ನೀರಿನ ಯುದ್ಧ ವಿವರವಾಗಿ ಕೆತ್ತಿದೆ. ಮೇಲಿನ ಅಂತಸ್ತಿನಲ್ಲಿ ಯೋಧರು, ಕೆಳಗೆ ಹುಟ್ಟು ಹಾಕುವವರು, ನಗಾರಿ, ಬಾವುಟ ಎಲ್ಲ ಇವೆ. ಹಾಯಿಕಂಬ ಮಾತ್ರ ಇಲ್ಲ. 1976ರಲ್ಲಿ ನಿಂಗ್‌ಬೊ ಬಳಿ ಸಿಕ್ಕ ಕಂಚಿನ ಕೊಡಲಿಯ ಮೇಲೆ ಗರಿ ಕಿರೀಟದ ನಾಲ್ವರು ದೋಣಿಯಲ್ಲಿ ಸಾಲಾಗಿ ಕೂತಿದ್ದಾರೆ. ತಲೆಯ ಮೇಲಿನ ಗರಿಗಳನ್ನೇ ಆದಿಕಾಲದ ಹಾಯಿ ಎಂದು ಓದಿದವರಿದ್ದಾರೆ, ನನಗೆ ಅದು ಗರಿಯಾಗಿಯೇ ಕಾಣುತ್ತದೆ. ಝೆಜಿಯಾಂಗ್‌ನ ಕುವಾಹುಚಿಯಾವೊದಲ್ಲಿ ಸುಮಾರು 8000 ವರ್ಷ ಹಳೆಯ ಮರದ ಪಾತಿ ದೋಣಿ ಸಿಕ್ಕಿದೆ. ಉಳಿದಿರುವ ಉದ್ದ 5.6 ಮೀಟರ್. ಹತ್ತಿರ ಹೆಣೆದ ಚಾಪೆಯ ತುಂಡೂ ಇತ್ತು. ಚಾಪೆ ಹಾಯಿಯೇ ಆಗಿರಬೇಕೆಂದಿಲ್ಲ. ಕೂರಲು, ಹೊದಿಸಲು, ಸರಕು ಮುಚ್ಚಲು ಚಾಪೆ ಬೇಕು.

ತಡಿಗಾಳಿ

ಆದರೆ ಚಾಪೆಯೂ ಬಟ್ಟೆಯೂ ಮಣ್ಣಲ್ಲಿ ಕೊಳೆತುಹೋಗುವ ವಸ್ತು. ಸಿಕ್ಕಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಎನ್ನಬಹುದೇ? ಚೀನಾದ ದಕ್ಷಿಣ ತೀರದವರು ಸಾವಿರಾರು ವರ್ಷ ಕಡಲಲ್ಲೇ ಇದ್ದವರು.

ಸಾಗರಿಕಾ

ಇರಲಿಲ್ಲ ಎಂದು ಬರೆಯಬೇಡಿ, ಒಪ್ಪುತ್ತೇನೆ. ‘ಇತ್ತು’ ಎಂದು ಬರೆಯಲು ಈ ಅಕ್ಷರ ಸಾಲದು ಎಂಬುದಷ್ಟೇ ನನ್ನ ವಾದ. ಲೇಖನದಲ್ಲಿ ಕಾಲ ಹಾಕಬೇಕಾದರೆ ಪದ ಬರಹದಲ್ಲಿ ಖಚಿತವಾಗಿ ಕಾಣುವ ಕಾಲವನ್ನೇ ಹಾಕಿ.

ಅಕ್ಷರಮೂಲ

ಆ ಕಾಲ ಹಾನ್ ರಾಜವಂಶದ ಉತ್ತರಾರ್ಧ. ಕ್ರಿ.ಶ. 100ರಲ್ಲಿ ಮುಗಿದ ಷು ಷೆನ್‌ನ ಶುವೊವೆನ್ ನಿಘಂಟಿನಲ್ಲಿ 9353 ಅಕ್ಷರಗಳಿವೆ. ಬಟ್ಟೆಯ ಗುರುತಿನ ಈ ಫಾನ್‌ಗೆ ಅಲ್ಲಿ ಜಾಗವಿಲ್ಲ. ಇರುವುದು ಕುದುರೆ ಮತ್ತು ಗಾಳಿ ಸೇರಿದ ಇನ್ನೊಂದು ‘ಫಾನ್’. ಅದರ ಅರ್ಥ ಕುದುರೆಯ ವೇಗದ ನಡಿಗೆ. 10ನೇ ಶತಮಾನದಲ್ಲಿ ಆ ನಿಘಂಟನ್ನು ಪರಿಷ್ಕರಿಸಿದ ಷು ಷುವಾನ್, ದೋಣಿಯ ಹಾಯಿಗೆ ಮೂಲದಲ್ಲಿ ಬರೆಯುತ್ತಿದ್ದುದು ಈ ಕುದುರೆಯ ಅಕ್ಷರವನ್ನೇ, ಬಟ್ಟೆಯ ಗುರುತಿನದು ತಪ್ಪು ಎಂದು ಟಿಪ್ಪಣಿ ಹಾಕಿದ. ಜನ ಅವನ ಮಾತು ಕೇಳಲಿಲ್ಲ, ಬಟ್ಟೆಯ ಗುರುತಿನದೇ ಉಳಿಯಿತು.

ಕ್ರಿ.ಶ. 115ರಲ್ಲಿ ಮಾ ರೊಂಗ್ ಅರಸನಿಗೆ ಒಪ್ಪಿಸಿದ ಬೇಟೆಯ ಪ್ರಶಸ್ತಿಕಾವ್ಯದಲ್ಲಿ ‘ಮೋಡದ ಹಾಯಿ ಬಿಚ್ಚಿ’ ಎಂಬ ಮಾತು ಬರುತ್ತದೆ. ಕ್ರಿ.ಶ. 200ರ ಆಸುಪಾಸಿನಲ್ಲಿ ಲಿಯು ಷಿ ತನ್ನ ಷಿಮಿಂಗ್ ಕೋಶದಲ್ಲಿ ಅರ್ಥವನ್ನೇ ಹೇಳುತ್ತಾನೆ: ಗಾಳಿಯ ದಿಕ್ಕಿಗೆ ಪರದೆ ಹರಡುವುದು ಫಾನ್, ಅದು ದೋಣಿಯನ್ನು ಬೇಗ ತೇಲಿಸುತ್ತದೆ. ‘ತೇಲು’ ಎಂಬ ಪದಕ್ಕೂ ‘ಫಾನ್’ ಎಂಬ ಸದ್ದು ಇರುವುದರಿಂದ ಹಾಯಿಯ ಹೆಸರು ಅಲ್ಲಿಂದ ಬಂತು ಎಂಬುದು ಅವನ ಲೆಕ್ಕ. ವೇದದ ಪದಗಳ ಮೂಲ ಹೇಳುವ ಯಾಸ್ಕನ ನಿರುಕ್ತ ಓದಿದವರಿಗೆ ಈ ರೀತಿ ಪರಿಚಿತ. ವ್ಯುತ್ಪತ್ತಿಯಾಗಿ ಒಪ್ಪಬೇಕಿಲ್ಲ, ಆ ಕಾಲದ ಬಳಕೆಗೆ ಸಾಕ್ಷಿಯಾಗಿ ಬಹಳ ಬೆಲೆಯುಳ್ಳದ್ದು. ಅದೇ ಅಧ್ಯಾಯದಲ್ಲಿ ಹಾಯಿಕಂಬ ಮತ್ತು ಹಿಂಬದಿಯ ಚುಕ್ಕಾಣಿಗಳಿಗೂ ವಿವರಣೆ ಇದೆ. ಗುವಾಂಗ್‌ಝೌ ಸಮಾಧಿಯೊಂದರಲ್ಲಿ ಸಿಕ್ಕ ಹಾನ್ ಕಾಲದ ಮಣ್ಣಿನ ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ತೂಗುತ್ತಿರುವುದರಿಂದ ಕೋಶದ ಮಾತಿಗೂ ವಸ್ತುವಿಗೂ ತಾಳೆಯಾಗುತ್ತದೆ.

ಕರಡುಕಾರ

ಎರಡನೆಯ ವಾಕ್ಯ ಅಳಿಸಿದೆ. ಮೂರನೆಯದು?

ಸಾಗರಿಕಾ

‘ಹಾಯಿಯ ಅತಿ ಹಳೆಯ ಸ್ಪಷ್ಟ ಚಿತ್ರಗಳಲ್ಲಿ ಒಂದು’ ಎಂದು ತಿದ್ದಿ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಈಜಿಪ್ಟಿನ ಫೇರೋಗಳಿಗಿಂತ ಹಿಂದಿನ ನಖಾದಾ ಕಾಲದ ಮಡಕೆಯ ಮೇಲೆ, ಕ್ರಿ.ಪೂ. ಸುಮಾರು 3200ರದು, ಎತ್ತರದ ಮೂತಿಯ ದೋಣಿ ಇದೆ. ಕಂಬದ ಮೇಲೆ ಆಯತಾಕಾರದ ಹಾಯಿ. ಕಂಬ ನಡುವಿನಲ್ಲಿಲ್ಲ, ಮೂತಿಗೆ ಹತ್ತಿರ ಇದೆ. ಅಲ್ಲಿ ನೆಟ್ಟ ಹಾಯಿ ಬೆನ್ನಗಾಳಿಗೆ ಚೆನ್ನಾಗಿ ಎಳೆಯುತ್ತದೆ; ಗಾಳಿ ಪಕ್ಕಕ್ಕೆ ತಿರುಗಿದರೆ ಮೂತಿಯನ್ನೇ ಗಾಳಿ ಹೋಗುವ ದಿಕ್ಕಿಗೆ ತಳ್ಳಿಬಿಡುತ್ತದೆ. ನೈಲ್‌ನಲ್ಲಿ ಅಷ್ಟು ಸಾಕಿತ್ತು. ನದಿ ಹರಿಯುವುದು ಉತ್ತರಕ್ಕೆ, ಗಾಳಿ ಹೆಚ್ಚಾಗಿ ಬೀಸುವುದು ಉತ್ತರದಿಂದ. ಮೇಲಕ್ಕೆ ಹೋಗುವಾಗ ಹಾಯಿ ಏರಿಸು, ಕೆಳಕ್ಕೆ ಬರುವಾಗ ಇಳಿಸಿ ಹರಿವಿಗೆ ಬಿಡು. ಈಜಿಪ್ಟಿನ ಚಿತ್ರಲಿಪಿಯಲ್ಲಿ ಹಾಯಿ ಬಿಚ್ಚಿದ ದೋಣಿ ಎಂದರೆ ದಕ್ಷಿಣಕ್ಕೆ ಪಯಣ, ಹಾಯಿ ಇಲ್ಲದ ದೋಣಿ ಎಂದರೆ ಉತ್ತರಕ್ಕೆ. ಬರೀ ಹಾಯಿಯ ಚಿತ್ರ ಬರೆದರೆ ‘ಗಾಳಿ’. ಚೀನಿ ಲಿಪಿಗೆ ಜನ ಹೊರಿಸಬಯಸುವ ಕಥೆ ನಿಜವಾಗಿ ನಡೆದದ್ದು ಈಜಿಪ್ಟಿನಲ್ಲಿ: ಹಾಯಿ ಬಿಡಿಸಿ ಗಾಳಿ ಎಂದು ಓದಿದರು.

ಈಜಿಪ್ಟಿಗಿಂತ ಹಿಂದೆ ಕುವೈತ್ ಬರುತ್ತದೆ. ಅಸ್ ಸಬಿಯಾದ ಎಚ್3 ಎಂಬ ನೆಲೆಯಲ್ಲಿ ಕ್ರಿ.ಪೂ. 5500ರಿಂದ 5000ದ, ಮೆಸೊಪೊಟೇಮಿಯಾದ ಉಬೈದ್ ಸಂಸ್ಕೃತಿಯ ಕಾಲದ ಮಣ್ಣಿನ ಬಿಲ್ಲೆಯೊಂದರ ಮೇಲೆ ದೋಣಿ ಬಿಡಿಸಿದೆ, ಅದರ ಮೇಲೆ ಎರಡು ಕಾಲಿನ ಕಂಬ. ಹಾಯಿ ಬಟ್ಟೆ ಬಿಡಿಸಿಲ್ಲ. ಕಂಬ ಇದ್ದುದು ಹಾಯಿಗಾಗಿಯೇ ಇರಬೇಕು ಎಂಬುದು ತರ್ಕ, ಒಳ್ಳೆಯ ತರ್ಕವೇ. ಅಲ್ಲೇ ಡಾಂಬರಿನ ತುಂಡುಗಳೂ ಸಿಕ್ಕಿವೆ: ಒಂದು ಮಗ್ಗುಲಲ್ಲಿ ಜೊಂಡಿನ ಅಚ್ಚು, ಇನ್ನೊಂದು ಮಗ್ಗುಲಲ್ಲಿ ಕಡಲಲ್ಲಿ ಅಂಟಿಕೊಳ್ಳುವ ಚಿಪ್ಪುಹುಳ. ಜೊಂಡಿನ ದೋಣಿಗೆ ಡಾಂಬರು ಬಳಿದು ನಿಜವಾಗಿ ಕಡಲಿಗೆ ಇಳಿಸಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎರಡು ಕಾಲಿನ ಕಂಬಕ್ಕೂ ಕಾರಣ ಇದೆ. ಜೊಂಡಿನ ಕಟ್ಟಿನ ನಡುವೆ ಒಂಟಿ ಕಂಬ ಊರಿದರೆ ಅದರ ಬುಡ ತಳವನ್ನು ತೂರಿಕೊಂಡು ಹೋಗುತ್ತದೆ. ಎರಡು ಕಾಲಾದರೆ ಭಾರ ಎರಡು ಅಂಚಿಗೆ ಹಂಚಿಹೋಗುತ್ತದೆ.

ಪಡುಗಡಲು

ಈ ಪಟ್ಟಿಯಲ್ಲಿ ಆಗ್ನೇಯ ಏಷ್ಯಾದ ದ್ವೀಪಗಳ ಜನ ಇಲ್ಲದಿದ್ದರೆ ಲೇಖನ ಅಪೂರ್ಣ. ತೈವಾನಿನಿಂದ ಹೊರಟ ಆ ಭಾಷಾ ಕುಟುಂಬದವರು ಕ್ರಿ.ಪೂ. 1500ರ ಹೊತ್ತಿಗೆ ಮರಿಯಾನಾ ದ್ವೀಪಗಳಲ್ಲಿದ್ದರು. ನಡುವಿನ ತೆರೆದ ಕಡಲು 2000 ಕಿಲೋಮೀಟರಿಗೂ ಹೆಚ್ಚು. ಬರೀ ಹುಟ್ಟು ಹಾಕಿ ದಾಟುವ ದೂರ ಅಲ್ಲ. ಪದಗಳೂ ಅದನ್ನೇ ಹೇಳುತ್ತವೆ: ಹಾಯಿಗೆ ಮಲಯದಲ್ಲಿ ‘ಲಾಯರ್’, ತಗಾಲೊಗ್‌ನಲ್ಲಿ ‘ಲಾಯಗ್’, ಹವಾಯಿಯಲ್ಲಿ ‘ಲಾ’, ಮಾವೊರಿಯಲ್ಲಿ ‘ರಾ’. ಎಲ್ಲಕ್ಕೂ ಒಂದೇ ಬೇರು. ಹವಾಯಿಗೂ ಫಿಲಿಪೀನ್ಸಿಗೂ ಒಂದೇ ಪದ ಇರಬೇಕಾದರೆ ಹೊರಟಾಗಲೇ ಹಾಯಿ ಜೊತೆಗಿತ್ತು.

ಚೀನಿ ಬರಹಗಾರರು ದಕ್ಷಿಣದವರ ಹಾಯಿ ಕಂಡು ಬೆರಗಾದದ್ದು ದಾಖಲಾಗಿದೆ. 3ನೇ ಶತಮಾನದ ವಾನ್ ಝೆನ್, ಗಡಿಯಾಚೆಯವರು ದೋಣಿಯ ಗಾತ್ರ ನೋಡಿ ಕೆಲವೊಮ್ಮೆ 4 ಹಾಯಿ ಹಾಕುತ್ತಾರೆ, ಒಂದು ಮರದ ಉದ್ದನೆಯ ಎಲೆಗಳನ್ನು ನೇಯ್ದು ಅದನ್ನು ಮಾಡುತ್ತಾರೆ ಎನ್ನುತ್ತಾನೆ. ಮುಖ್ಯ ಮಾತು ಮುಂದಿನದು: ಆ ನಾಲ್ಕು ಹಾಯಿಗಳು ನೇರ ಮುಂದಕ್ಕೆ ಮುಖ ಮಾಡುವುದಿಲ್ಲ, ಓರೆಯಾಗಿ ಸರಿಸಿ ಒಂದರಿಂದ ಇನ್ನೊಂದಕ್ಕೆ ಗಾಳಿ ದಾಟುವಂತೆ ಇಡುತ್ತಾರೆ. ಇದಕ್ಕೂ ಹಿಂದೆ, ಹಾನ್ ವಂಶದ ಇತಿಹಾಸದಲ್ಲಿ ಹುವಾಂಗ್‌ಝಿಗೆ ಹೋಗುವ ದಾರಿ ಇದೆ. ಅದನ್ನು ಹೆಚ್ಚಿನವರು ಕಂಚಿ ಎಂದು ಗುರುತಿಸುತ್ತಾರೆ. ಅರಮನೆಯ ದೂತರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದು ‘ಹೊರನಾಡಿನ ವ್ಯಾಪಾರಿ ಹಡಗುಗಳು’ ಎಂದು ಅಲ್ಲೇ ಬರೆದಿದೆ. ಚೀನಿ ಹಾಯಿ ದಕ್ಷಿಣದಿಂದಲೇ ಬಂತು ಎಂದು ಇಷ್ಟರಿಂದ ಸಾಧಿಸಲಾಗದು, ಆದರೆ ಕಲಿಯಲು ಎದುರಿಗೇ ಶಾಲೆ ಇತ್ತು.

ದಬ್ಬೆಹಗ್ಗ

ನಾಲ್ಕನೆಯ ವಾಕ್ಯಕ್ಕೆ ಬರುತ್ತೇನೆ. ಅದರ ಎರಡು ಭಾಗಗಳೂ ತಪ್ಪು.

ಚೀನಿ ಹಡಗಿನ ಪ್ರಸಿದ್ಧ ಹಾಯಿ ಬಿದಿರಿನದು. ಬಿದಿರನ್ನು ತೆಳ್ಳಗೆ ಸೀಳಿ ಚಾಪೆ ಹೆಣೆಯುತ್ತಾರೆ. ಚಾಪೆಯ ಅಗಲಕ್ಕೆ ಅಡ್ಡವಾಗಿ, ಒಂದರ ಕೆಳಗೊಂದರಂತೆ ಬಿದಿರಿನ ದಬ್ಬೆಗಳನ್ನು ಬಿಗಿಯುತ್ತಾರೆ. ಎರಡು ದಬ್ಬೆಗಳ ನಡುವಿನ ಪಟ್ಟಿಗೆ ಚೀನಿಯಲ್ಲಿ ‘ಎಲೆ’ ಎಂದೇ ಹೆಸರು. ಮೇಲ್ತುದಿಯಲ್ಲಿ ದಪ್ಪನೆಯ ಅಡ್ಡಮರ. ಹಾಯಿಯನ್ನು ಎಳೆದು ಏರಿಸುವ ಹಗ್ಗವನ್ನು ಅದಕ್ಕೆ ಕಟ್ಟಿರುತ್ತಾರೆ. ಕೆಳತುದಿಯಲ್ಲಿ ಇನ್ನೊಂದು ಅಡ್ಡಮರ. ಹಾಯಿ ಇಡಿಯಾಗಿ ಕಂಬದ ಒಂದೇ ಮಗ್ಗುಲಲ್ಲಿ ಇರುತ್ತದೆ, ಪ್ರತಿ ದಬ್ಬೆಗೂ ಕಂಬ ಸುತ್ತಿ ಬರುವ ಒಂದು ಹಗ್ಗದ ಉಂಗುರ. ಅಗಲದ ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಕಂಬದ ಮುಂದೆ ಚಾಚಿರುತ್ತದೆ. ಬಾಗಿಲನ್ನು ಅಂಚಿಗಿಂತ ಸ್ವಲ್ಪ ಒಳಗೆ ಹಿಡಿದು ತಿರುಗಿಸಿದ ಹಾಗೆ, ಮುಂದಿನ ಪಾಲು ಹಿಂದಿನ ಪಾಲಿನ ಎಳೆತವನ್ನು ಸಮಗೊಳಿಸುತ್ತದೆ. ಹಗ್ಗ ಹಿಡಿದವರ ಕೈಗೆ ಭಾರ ಕಡಿಮೆ. ಆ ಪಾಲು ಅತಿಯಾದರೆ ಹಾಯಿ ತಾನಾಗಿ ಗಿರಕ್ಕನೆ ತಿರುಗಿಬಿಡುತ್ತದೆ.

ಹಿಂದಿನ ಅಂಚಿನಲ್ಲಿ ಪ್ರತಿ ದಬ್ಬೆಯ ತುದಿಯಿಂದ ಒಂದೊಂದು ಸಣ್ಣ ಹಗ್ಗ ಬಂದು, ತೂತುಗಳಿರುವ ಮರದ ತುಂಡೊಂದರಲ್ಲಿ ಹಾದು, ಕೊನೆಗೆ ಒಂದೇ ದಪ್ಪ ಹಗ್ಗವಾಗಿ ಕೈಗೆ ಸಿಗುತ್ತದೆ. ಹೀಗಾಗಿ ಗಾಳಿಯ ಒತ್ತಡ ಒಂದೇ ಮೂಲೆಗೆ ಬೀಳದೆ ಎಲ್ಲ ಎಲೆಗಳಿಗೂ ಹಂಚಿಹೋಗುತ್ತದೆ. ಅಗ್ಗದ, ಬಲ ಕಡಿಮೆಯ ಚಾಪೆಯಿಂದ ದೊಡ್ಡ ಹಾಯಿ ಸಾಧ್ಯವಾದದ್ದು ಇದರಿಂದಲೇ. ಎರಡು ಎಲೆ ಹರಿದು ತೂತಾದರೂ ಉಳಿದವು ಎಳೆಯುತ್ತಲೇ ಇರುತ್ತವೆ.

ಕೆಡುವ ಜಾಗಗಳನ್ನೂ ಬರೆಯಿರಿ. ದಬ್ಬೆ ತುಂಬಾ ಬಾಗುವಂಥದ್ದಾದರೆ ಹಾಯಿಯ ಉಬ್ಬು ಹಿಂದಕ್ಕೆ ಸರಿದು, ಮೂತಿ ಸದಾ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ, ಚುಕ್ಕಾಣಿ ಹಿಡಿದವರು ಸೋಲುತ್ತಾರೆ. ಸಣ್ಣ ಹಗ್ಗಗಳ ಉದ್ದ ಸರಿಹೊಂದದಿದ್ದರೆ ಹಾಯಿ ತಿರುಚಿಕೊಳ್ಳುತ್ತದೆ: ಕೆಳಗಿನ ಎಲೆಗಳು ಬಿಗಿ, ಮೇಲಿನವು ಗಾಳಿ ಚೆಲ್ಲುತ್ತವೆ. ಕಂಬದ ಉಂಗುರ ಗಿಡ್ಡವಾದರೆ ಹಾಯಿ ಇಳಿಯುವಾಗ ಕಚ್ಚಿಕೊಳ್ಳುತ್ತದೆ. ಬಿರುಗಾಳಿಯಲ್ಲಿ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಉದ್ದವಾದರೆ ಹಾಯಿ ಮುಂದೆ ಹಿಂದೆ ಓಲಾಡುತ್ತದೆ. ದಬ್ಬೆ ಕಂಬಕ್ಕೆ ತಾಗುವಲ್ಲಿ ಉಜ್ಜಿ ಸವೆಯುವುದಂತೂ ಇದ್ದದ್ದೇ. ಮಳೆಯಲ್ಲಿ ನೆನೆದ ಚಾಪೆಯ ತೂಕ ಬೇರೆ. ಮುಂದೆ ಬಟ್ಟೆಯ ಹಾಯಿ ಬಂದ ಮೇಲೆ ದಕ್ಷಿಣ ಚೀನಾದವರು ಅದನ್ನು ಒಂದು ಜಾತಿಯ ಕಾಡು ಗೆಣಸಿನ ಒಗರು ರಸದಲ್ಲಿ ಅದ್ದಿ ಕೊಳೆಯದಂತೆ ಮಾಡಿದರು. ಹಾಂಗ್‌ಕಾಂಗ್ ದೋಣಿಗಳ ಕೆಂಗಂದು ಹಾಯಿಗೆ ಆ ಬಣ್ಣ ಅಲ್ಲಿಂದ ಬಂತು.

ತಡಿಗಾಳಿ

ಗಾಳಿ ಜೋರಾದಾಗ ಹಾಯಿ ಕುಗ್ಗಿಸುವುದು ಹೇಗೆ? ಚೌಕ ಹಾಯಿಯ ಹಡಗಿನಲ್ಲಿ ಜನ ಅಡ್ಡಮರದ ಮೇಲೆ ಹತ್ತಿ ಬಟ್ಟೆ ಸುತ್ತಬೇಕು.

ದಬ್ಬೆಹಗ್ಗ

ಇಲ್ಲಿ ಯಾರೂ ಹತ್ತಬೇಕಿಲ್ಲ. ಏರಿಸಿದ ಹಗ್ಗ ಸಡಿಲಿಸಿದರೆ ಹಾಯಿ ತನ್ನ ಭಾರಕ್ಕೇ ಇಳಿದು, ಕೆಳಗಿನ ಎಲೆಗಳು ಬೀಸಣಿಗೆಯಂತೆ ಒಂದರ ಮೇಲೊಂದು ಮಡಿದು ಕೂರುತ್ತವೆ. ಎರಡೂ ಮಗ್ಗುಲಲ್ಲಿ ತೊಟ್ಟಿಲಿನಂತೆ ಕಟ್ಟಿದ ಹಗ್ಗಗಳು ಮಡಿಕೆಯನ್ನು ಹಿಡಿದಿಡುತ್ತವೆ.

1637ರ ಟಿಯಾನ್‌ಗೊಂಗ್ ಕಾಯ್‌ವು ಗ್ರಂಥದಲ್ಲಿ ಸೊಂಗ್ ಯಿಂಗ್‌ಷಿಂಗ್ ಇದಕ್ಕೆ ಲೆಕ್ಕವನ್ನೇ ಕೊಟ್ಟಿದ್ದಾನೆ. ಧಾನ್ಯದ ಹಡಗಿನ ನಡುಗಂಬದ ಹಾಯಿಯನ್ನು ತುದಿಗೆ ಮುಟ್ಟಿಸಲು 10 ಜನರ ಬಲ ಬೇಕು, ಮುಂದಿನ ಹಾಯಿಗೆ ಇಬ್ಬರು ಸಾಕು. ಮೇಲ್ತುದಿಯ ಒಂದು ಎಲೆ ಬುಡದ ಮೂರು ಎಲೆಗೆ ಸಮ. ಅನುಕೂಲ ಗಾಳಿಯಲ್ಲಿ ತುದಿಯವರೆಗೆ ಏರಿಸಿದರೆ ಓಡುವ ಕುದುರೆಯ ವೇಗ. ಗಾಳಿ ಏರಿದಂತೆ ಒಂದೊಂದೇ ಎಲೆ ಇಳಿಸು. ಹುಚ್ಚು ಗಾಳಿಯಲ್ಲಿ ಒಂದೆರಡು ಎಲೆ ಮಾತ್ರ ಉಳಿಸು. ಒಂದಕ್ಕೆ ಮೂರು ಎಂಬ ಅಂದಾಜಿಗೆ ಅರ್ಥ ಇದೆ. ನೀರಿನ ಮೈಗೆ ಉಜ್ಜಿ ಕೆಳಗಿನ ಗಾಳಿ ನಿಧಾನವಾಗುತ್ತದೆ, ಮೇಲಿನದು ವೇಗವಾಗಿರುತ್ತದೆ. ಜೊತೆಗೆ ಎತ್ತರದಲ್ಲಿ ಬಿದ್ದ ಒತ್ತಡ ಉದ್ದ ಸನ್ನೆಗೋಲಿನಂತೆ ದೋಣಿಯನ್ನು ವಾಲಿಸುತ್ತದೆ. ಒಂದು ಎಲೆ ಇಳಿಸಿದರೆ ಹಾಯಿಯ ತುದಿ ಅಷ್ಟು ತಗ್ಗುತ್ತದೆ, ಎರಡೂ ಕಡೆಯಿಂದ ಲಾಭ.

ಕೈಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ: 30 ಸೆಂ.ಮೀ. ಅಗಲ, 48 ಸೆಂ.ಮೀ. ಎತ್ತರದ ಗಂಜಿ ಹಾಕಿದ ಬಟ್ಟೆ. 8 ಸೆಂ.ಮೀ.ಗೊಂದು ಅಡ್ಡಗೆರೆ ಎಳೆದರೆ 6 ಎಲೆ. ಮೇಲೆ ಕೆಳಗೆ ಪೆನ್ಸಿಲ್ ದಪ್ಪದ ಕೋಲು, ನಡುವಿನ 5 ಗೆರೆಗೆ ಬಿದಿರಿನ ಕಡ್ಡಿ ಹೊಲಿಯಿರಿ. ಮುಂದಿನ ಅಂಚಿನಿಂದ 5 ಸೆಂ.ಮೀ. ಬಿಟ್ಟು ಕಂಬ. ಪ್ರತಿ ಕಡ್ಡಿಗೂ ದಾರದ ಉಂಗುರ, ಕಂಬದ ದಪ್ಪಕ್ಕಿಂತ ಎರಡು ಬೆರಳು ಸಡಿಲ. ಫ್ಯಾನ್ ಮುಂದೆ ಹಿಡಿದು ಒಂದು ಎಲೆ, ಎರಡು ಎಲೆ ಇಳಿಸಿ ನೋಡಿದರೆ ಸೊಂಗ್ ಹೇಳಿದ್ದು ಕೈಗೇ ತಿಳಿಯುತ್ತದೆ. ಈಗಿನ ಕಡಲಿನಲ್ಲೂ ಇದು ಗೆದ್ದಿದೆ: 1960ರಲ್ಲಿ ಅಟ್ಲಾಂಟಿಕ್ ದಾಟುವ ಒಂಟಿ ನಾವಿಕರ ಮೊದಲ ಸ್ಪರ್ಧೆಯಲ್ಲಿ ಬ್ಲಾಂಡಿ ಹ್ಯಾಸ್ಲರ್ ಚೀನಿ ಮಾದರಿಯ ಒಂದೇ ಹಾಯಿಯ ‘ಜೆಸ್ಟರ್’ ದೋಣಿಯಲ್ಲಿ 48 ದಿನಕ್ಕೆ ಎರಡನೆಯವರಾಗಿ ಮುಟ್ಟಿದರು.

ಸಾಗರಿಕಾ

ಬೆನ್ನಗಾಳಿಗೆ ಮಾತ್ರ ಎಂಬುದಕ್ಕೆ ಸೊಂಗ್ ರಾಜವಂಶದ ಕಾಲದ ಎರಡು ಉತ್ತರ ಇವೆ. 1119ರ ಹೊತ್ತಿನ ಲೇಖಕ ಝು ಯು ಹೇಳುವುದು: ಹಾಯಿ ಚಾಪೆಯದು, ಕಂಬಕ್ಕೆ ಒಂದು ಕಡೆಯಿಂದ ಬಾಗಿಲ ರೆಕ್ಕೆಯಂತೆ ತೂಗುತ್ತದೆ, ತೀರದಿಂದ ಬೀಸಲಿ, ತೀರದ ಕಡೆಗೆ ಬೀಸಲಿ, ಗಾಳಿ ಉಪಯೋಗಕ್ಕೆ ಬರುತ್ತದೆ, ನೇರ ಎದುರುಗಾಳಿ ಮಾತ್ರ ಆಗದು. ಇದಕ್ಕೆ ‘ಮೂರು ಕಡೆಯ ಗಾಳಿ ಬಳಸುವುದು’ ಎಂದೇ ಹೆಸರಿತ್ತು. 1123ರಲ್ಲಿ ಕೊರಿಯಾಕ್ಕೆ ರಾಯಭಾರದೊಡನೆ ಹೋದ ಷು ಜಿಂಗ್ ಎರಡು ಬಗೆಯ ಹಾಯಿಯನ್ನು ಬೇರ್ಪಡಿಸಿ ಹೇಳುತ್ತಾನೆ: ಗಾಳಿ ನೇರವಾಗಿದ್ದರೆ 50 ಪಟ್ಟಿಯ ಬಟ್ಟೆ ಹಾಯಿ, ಸ್ವಲ್ಪ ಓರೆಯಾದರೆ ಎಡಬಲಕ್ಕೆ ರೆಕ್ಕೆಯಂತೆ ಚಾಚುವ ‘ಪೆಂಗ್’, ಗಾಳಿ ಬಿದ್ದಾಗ ದೊಡ್ಡ ಕಂಬದ ತುದಿಗೆ 10 ಪಟ್ಟಿಯ ಚಿಕ್ಕದೊಂದು, ಹೆಸರು ಕಾಡುನರಿ ಹಾಯಿ. ಆದ್ದರಿಂದ ಬಟ್ಟೆ ಹಾಯಿ ಇರಲೇ ಇಲ್ಲ ಎಂದೂ ಬರೆಯಬೇಡಿ. ಎರಡೂ ಒಂದೇ ಹಡಗಿನಲ್ಲಿದ್ದವು.

ಕರಡುಕಾರ

ದಬ್ಬೆಹಗ್ಗ ಅವರೇ, ಸೊಂಗ್ ಯಿಂಗ್‌ಷಿಂಗ್ ಹಾಯಿಗೆ ಬಳಸಿದ ಪದ ‘ಫಾನ್’ ತಾನೇ?

ಅಕ್ಷರಮೂಲ

ಅಲ್ಲ, ಅವನೂ ‘ಪೆಂಗ್’ ಎನ್ನುತ್ತಾನೆ. ಆ ಅಕ್ಷರದ ತಲೆಯ ಮೇಲೆ ಬಿದಿರಿನ ಗುರುತು ಇದೆ, ಮೂಲದಲ್ಲಿ ಚಾಪೆಯ ಹೊದಿಕೆ ಎಂಬ ಅರ್ಥ. ದೋಣಿಯವರ ಬಾಯಲ್ಲಿ ಹಾಯಿ ಎಂದರೆ ಪೆಂಗ್. ಕಾರಣವಾಗಿ ಸಾಮಾನ್ಯವಾಗಿ ಹೇಳುವುದು ಅಪಶಕುನದ ಭಯ: ‘ಮಗುಚು’ ಎಂಬ ಪದ ಫಾನ್, ಆ ಸದ್ದನ್ನು ದೋಣಿಯಲ್ಲಿ ಆಡಬಾರದು. ಈ ಭಯ ನಿಜವಾಗಿ ಇತ್ತೆಂಬುದಕ್ಕೆ 15ನೇ ಶತಮಾನದ ಲು ರೊಂಗ್‌ನ ಟಿಪ್ಪಣಿ ಇದೆ. ಸುಝೌ ಕಡೆಯ ದೋಣಿಯವರು ‘ನಿಲ್ಲು’ ಮತ್ತು ‘ಮಗುಚು’ ಎಂಬೆರಡು ಪದ ಆಡುವುದಿಲ್ಲ ಎನ್ನುತ್ತಾನೆ. ಊಟದ ಕಡ್ಡಿಯ ಹಳೆಯ ಹೆಸರು ‘ಝು’ ಎಂಬುದು ‘ನಿಲ್ಲು’ ಎಂಬಂತೆ ಕೇಳುತ್ತದೆಂದು ಅದನ್ನು ‘ಬೇಗ’ ಎಂಬ ಅರ್ಥದ ‘ಕುವಾಯ್’ ಎಂದು ಕರೆದರು. ಫಾನ್ ಸದ್ದಿನ ಒರೆಸುಬಟ್ಟೆಗೂ ಬೇರೆ ಹೆಸರಿಟ್ಟರು. ಇಂದು ಚೀನಾ ಪೂರ್ತಿ ಊಟದ ಕಡ್ಡಿಗೆ ಕುವಾಯ್‌ಜ಼ು ಎನ್ನುತ್ತದೆ.

ಒಂದು ಸೂಕ್ಷ್ಮ. ನಿಯಮದ ಪ್ರಕಾರ ಹಾಯಿಯ ಫಾನ್ ಏರುಸ್ವರದಲ್ಲಿ ಇರಬೇಕು, ತೈವಾನಿನಲ್ಲಿ ಈಗಲೂ ಹಾಗೇ ಇದೆ. ಚೀನಾದ ಪ್ರಮಾಣ ಉಚ್ಚಾರದಲ್ಲಿ ಮಾತ್ರ ಅದು ಎತ್ತರದ ಸಮಸ್ವರಕ್ಕೆ ಹೋಗಿ ‘ಮಗುಚು’ವಿನ ಜೊತೆ ಪೂರ್ತಿ ಒಂದಾಗಿದೆ. ಉಚ್ಚಾರ ಕೊಡುವಾಗ ಎರಡನ್ನೂ ಕೊಡಿ. ಪದ ಅಪಶಕುನವಾಗಿಯೇ ಉಳಿಯಲಿಲ್ಲ ಎಂಬುದನ್ನೂ ಸೇರಿಸಿ: ಪಯಣ ಹೊರಟವರಿಗೆ ಇಂದಿಗೂ ಹಾರೈಸುವುದು ‘ಯಿ ಫಾನ್ ಫೆಂಗ್ ಷುನ್’, ಒಂದು ಹಾಯಿ, ಗಾಳಿ ಅನುಕೂಲ ಎಂದು.

ಪಡುಗಡಲು

ಪೆಂಗ್ ಚಾಪೆ ಎಂದಿರಲ್ಲ, ಕನ್ನಡ ಓದುಗರಿಗೆ ಇಲ್ಲೇ ಹತ್ತಿರದ ಮಾತಿದೆ. ತಮಿಳಿನ ‘ಪಾಯ್’, ಮಲಯಾಳದ ‘ಪಾಯ’ ಎರಡಕ್ಕೂ ಚಾಪೆ ಎಂದೂ ಹಾಯಿ ಎಂದೂ ಅರ್ಥ. ಪಾಲು ಹಾಲಾದಂತೆ, ಪಾವು ಹಾವಾದಂತೆ ಕನ್ನಡದಲ್ಲಿ ಅದು ‘ಹಾಯಿ’. ನಮ್ಮಲ್ಲಿ ಚಾಪೆಯ ಅರ್ಥ ಬಿಟ್ಟುಹೋಯಿತು, ಕಡಲಿನದು ಉಳಿಯಿತು. ‘ಹಾಯುವುದರಿಂದ ಹಾಯಿ’ ಎನ್ನುವುದು ಲಿಯು ಷಿಯ ‘ತೇಲುವುದರಿಂದ ಫಾನ್’ ಎಂಬ ಲೆಕ್ಕದಂಥದೇ. ಕೇಳಲು ಚೆಂದ, ದಾರಿ ಬೇರೆ. ಚೀನಿ ಕವಿಗಳಲ್ಲೂ ಈ ಜೋಡಿ ಇದೆ. 5ನೇ ಶತಮಾನದ ಷಿಯೆ ಲಿಂಗ್‌ಯುನ್ ಒಂದೇ ದ್ವಿಪದಿಯ ಮೊದಲ ಸಾಲಿನಲ್ಲಿ ‘ಫಾನ್ ಏರಿಸಿ’ ಎಂದು ಬರೆದು ಎರಡನೆಯದರಲ್ಲಿ ‘ಚಾಪೆ ತೂಗುಹಾಕಿ’ ಎನ್ನುತ್ತಾನೆ. ಎರಡೂ ಒಂದೇ ಕೆಲಸ.

ನಮ್ಮ ತೀರದ ಸಾಕ್ಷಿಯೂ ಬೇಕಾದರೆ ಇಬ್ನ್ ಬತೂತಾ ಇದ್ದಾನೆ. 14ನೇ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಹೋದಾಗ ಅಲ್ಲಿ 13 ಚೀನಿ ಹಡಗುಗಳು ನಿಂತಿದ್ದವು. ದೊಡ್ಡ ಹಡಗಿಗೆ 3ರಿಂದ 12 ಹಾಯಿ, ಬಿದಿರಿನ ಕಡ್ಡಿಗಳನ್ನು ಚಾಪೆಯಂತೆ ಹೆಣೆದದ್ದು, ಗಾಳಿ ತಿರುಗಿದಂತೆ ತಿರುಗಿಸುತ್ತಾರೆ ಎಂದು ಬರೆದಿದ್ದಾನೆ.

ಕರಡುಕಾರ

ತಿದ್ದಿದ ಮೊದಲ ವಾಕ್ಯ: ‘ಫಾನ್ ಅಕ್ಷರದ ಎಡಭಾಗ ಬಟ್ಟೆ ಎಂಬ ಅರ್ಥವನ್ನೂ ಬಲಭಾಗ ಉಚ್ಚಾರವನ್ನೂ ಸೂಚಿಸುತ್ತದೆ, ಪದ ಬರಹದಲ್ಲಿ ಕ್ರಿ.ಶ. 2ನೇ ಶತಮಾನದಿಂದ ಖಚಿತವಾಗಿ ಕಾಣುತ್ತದೆ. ದೋಣಿಯವರ ಮಾತಿನಲ್ಲಿ ಹಾಯಿ ಪೆಂಗ್.’ ಪಕ್ಕದ ಚಿತ್ರದಲ್ಲಿ ಹಾಯಿದೋಣಿಯಿಂದ ಅಕ್ಷರಕ್ಕೆ ಬಾಣದ ಗುರುತು ಇದೆ. ಅದನ್ನು ಉಳಿಸಬಹುದೇ?

ಅಕ್ಷರಮೂಲ

ಬಾಣ ತೆಗೆಯಿರಿ. ಅದರ ಬದಲು ಅಕ್ಷರವನ್ನು ಎರಡು ಬಣ್ಣದಲ್ಲಿ ಹಾಕಿ, ಎಡದ 3 ಗೆರೆಗೆ ‘ಅರ್ಥ’, ಬಲದ 3 ಗೆರೆಗೆ ‘ಸದ್ದು’ ಎಂದು ಬರೆಯಿರಿ. ದೋಣಿಯ ಚಿತ್ರಕ್ಕೆ ದಬ್ಬೆಗಳಿರುವ ಬಿದಿರಿನ ಹಾಯಿ ಇರಲಿ, ಅದರ ಅಡಿಯಲ್ಲಿ ‘ಪೆಂಗ್’.